ಬೀಗ ಮುಟ್ಟಿದರೆ ಸಿಗುವ ಡಿಎನ್‌ಎ ಎಲ್ಲಿಂದ ಬರುತ್ತದೆ? ಒಂದು ಸ್ಪಷ್ಟನೆ

ಹಾಸನದ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಬೀಗ ಮುಟ್ಟಿದರೆ ಚರ್ಮ ಉದುರುತ್ತದೆ, ಡಿಎನ್‌ಎ ಬರುವುದು ಅದರಿಂದಲೇ. ಯಾರದ್ದು ಸಿಕ್ಕಿತೋ ಅವನೇ ಕಳ್ಳ.’ ಅರ್ಧ ಸರಿ, ಅಷ್ಟೆ.

ಉದುರುವ ಮೇಲ್ಪದರದ ಕೋಶಗಳು ಸತ್ತಿರುತ್ತವೆ. ಜಾಸ್ತಿ ಕೋಶಗಳಲ್ಲಿ ಡಿಎನ್‌ಎ ಇರುವ ಭಾಗವಾದ ನ್ಯೂಕ್ಲಿಯಸ್ಸೇ ಇರುವುದಿಲ್ಲ, ಡಿಎನ್‌ಎ ಚೂರುಪಾರು ಉಳಿದಿರಬಹುದು. ಬೆವರಿನಲ್ಲೂ ಕೋಶದಿಂದ ಹೊರಬಿದ್ದ ಡಿಎನ್‌ಎ ಇರುತ್ತದೆ. ಮತ್ತೆ ನಾವು ಸುಮ್ನೆ ಕೂತಾಗಲೂ ಮೂಗು, ಬಾಯಿ, ಕಣ್ಣು ಮುಟ್ಟಿಕೊಳ್ಳುತ್ತಲೇ ಇರುತ್ತೇವೆ, ಅಲ್ವಾ? ಎಂಜಲು ಹಚ್ಚಿ ನೋಟು ಎಣಿಸುವವರ ಬೆರಳಂತೂ ಕೇಳಲೇಬೇಡಿ! ಅದೆಲ್ಲ ಬೀಗಕ್ಕೆ ಅಂಟುತ್ತದೆ. ಕೈ ಕುಲುಕಿದವರದ್ದೂ ಅಂಟಬಹುದು.

2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊಲೆಯಾದವರ ಉಗುರಿನಲ್ಲಿ ಒಬ್ಬನ ಡಿಎನ್‌ಎ ಸಿಕ್ಕಿತು. ಆ ರಾತ್ರಿ ಅವನು ಆಸ್ಪತ್ರೆಯಲ್ಲಿದ್ದ. ಅವನನ್ನು ನೋಡಿಕೊಂಡಿದ್ದ ಆಂಬುಲೆನ್ಸ್ ಸಿಬ್ಬಂದಿಯೇ ಆಮೇಲೆ ಕೊಲೆ ನಡೆದ ಮನೆಗೂ ಹೋಗಿದ್ದರು.