ಸ್ಕ್ಯಾನ್ ಮಾಡಿದವರೇ ಎರಡು ಮಾತು ಹೇಳಲಿ

ಸ್ಕ್ಯಾನ್ ವಿಷಯದಲ್ಲಿ ಮಂಗಳೂರಿನವರು ಅದೃಷ್ಟವಂತರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಕೂತರೆ ಊಟದ ಹೊತ್ತಿಗೆ ರಿಪೋರ್ಟ್ ಕೈಯಲ್ಲಿರುತ್ತದೆ. ನಾನಿರುವ ಬರ್ಮಿಂಗ್‌ಹ್ಯಾಮ್‌ನಲ್ಲಿ ತುರ್ತಿಲ್ಲದ ಸ್ಕ್ಯಾನ್‌ಗೆ ವಾರಗಟ್ಟಲೆ ಕಾಯಬೇಕು. ಆದರೆ ರಿಪೋರ್ಟ್ ಬಂದ ಮೇಲೆ ಆಗುವುದನ್ನು ನೋಡಿದರೆ, ಕಿಡ್ನಿ ಸಿಸ್ಟ್ ಎಂಬ ಗುಳ್ಳೆಯ ಮಟ್ಟಿಗಾದರೂ ನಮ್ಮೂರಿನ ಕ್ರಮ ಬದಲಾಗಬೇಕು ಅನಿಸುತ್ತದೆ.

ಕಂಕನಾಡಿಯಲ್ಲಿರುವ ನನ್ನ ಚಿಕ್ಕಮ್ಮನಿಗೆ ಅರವತ್ತು ದಾಟಿದೆ. ಗ್ಯಾಸ್ಟ್ರಿಕ್ ಜಾಸ್ತಿಯಾಯಿತೆಂದು ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿದರು. ಲಿವರ್ ಚೆನ್ನಾಗಿತ್ತು, ಪಿತ್ತಕೋಶವೂ ಚೆನ್ನಾಗಿತ್ತು. ಬಲಗಡೆಯ ಕಿಡ್ನಿಯಲ್ಲಿ 32 ಮಿಲಿಮೀಟರಿನ ಸಿಂಪಲ್ ಕಾರ್ಟಿಕಲ್ ಸಿಸ್ಟ್ (ಹೊರಪದರದಲ್ಲಿರುವ ಸಾದಾ ಸಿಸ್ಟ್) ಇದೆ ಎಂದು ಮಾತ್ರ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಕೌಂಟರಿನವರು ಕವರ್ ಕೊಟ್ಟು "ಡಾಕ್ಟರಿಗೆ ತೋರಿಸಿ" ಎಂದರು. ಅಂದು ಶನಿವಾರ. ಅವರ ಡಾಕ್ಟರು ಸಿಗುವುದು ಸೋಮವಾರ ಸಂಜೆ.

ಅಷ್ಟರೊಳಗೆ ಪಕ್ಕದ ಮನೆಯವರು ಬಾಳೆದಿಂಡಿನ ರಸ ತಂದುಕೊಟ್ಟರು. ಅತ್ತಿಗೆ ಹುರುಳಿ ಬೇಯಿಸಿದ ನೀರು ಕುಡಿಸಿದರು. ಅವೆರಡೂ ನಮ್ಮ ಕಡೆ ಕಲ್ಲಿಗೆ ಹೇಳುವ ಮದ್ದು. ಸಿಸ್ಟ್ ಕಲ್ಲಲ್ಲ, ನೀರು ತುಂಬಿದ ಗುಳ್ಳೆ. ಏನು ಕುಡಿದರೂ ಅದು ಕರಗುವುದಿಲ್ಲ. ಇನ್ನೊಬ್ಬರು ಗಡ್ಡೆ ಎಂದರು, ಚಿಕ್ಕಮ್ಮ ಊಟವನ್ನೇ ಬಿಟ್ಟರು. ಸೋಮವಾರ ಬೆಳಿಗ್ಗೆ ಬೇರೆ ಕಡೆ ಇನ್ನೊಂದು ಸ್ಕ್ಯಾನ್ ಆಯಿತು. ಅಲ್ಲಿ 35 ಮಿಲಿಮೀಟರ್. ಎರಡೇ ದಿನದಲ್ಲಿ ಬೆಳೆದಿದೆ ಎಂದು ಫೋನಿನಲ್ಲಿ ಅತ್ತರು. ಸಿಂಪಲ್ ಸಿಸ್ಟ್ ಹಾಗೆ ಬೆಳೆಯುವುದಿಲ್ಲ. ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ ಕೆಲವು ಮಿಲಿಮೀಟರ್. ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್ ಹಿಡಿದ ಕೋನ, ಉಸಿರು ಹಿಡಿದ ರೀತಿ ಬೇರೆಯಾದರೆ ಅಳತೆಯಲ್ಲಿ ಇಷ್ಟು ವ್ಯತ್ಯಾಸ ಬರುತ್ತದೆ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಬರ್ಮಿಂಗ್‌ಹ್ಯಾಮ್‌ನಲ್ಲಿ ನನ್ನ ಗೆಳೆಯರೊಬ್ಬರಿಗೂ ಇಂಥದ್ದೇ ಸಿಸ್ಟ್ ಕಂಡಿತ್ತು. ಕಾರ್ಕಳದವರು. ಸ್ಕ್ಯಾನ್ ಮಾಡಿದವರು ಬಾಯಿ ಬಿಡಲಿಲ್ಲ, ರಿಪೋರ್ಟ್ ನೇರ ಅವರ ಡಾಕ್ಟರಿಗೆ ಹೋಯಿತು. ಕೆಲವು ದಿನಗಳ ನಂತರ ಡಾಕ್ಟರಿಂದ ನಾಲ್ಕು ಸಾಲಿನ ಉತ್ತರ ಬಂತು: ಇದು ಸಾದಾ ಸಿಸ್ಟ್, ವಯಸ್ಸಾದಂತೆ ಬಹಳ ಜನರಿಗೆ ಬರುತ್ತದೆ, ಚಿಕಿತ್ಸೆ ಬೇಡ, ಮತ್ತೆ ಸ್ಕ್ಯಾನ್ ಬೇಡ. ಮೂತ್ರದಲ್ಲಿ ರಕ್ತ, ಪಕ್ಕೆಯಲ್ಲಿ ಬಿಡದ ನೋವು, ಜ್ವರ ಬಂದರೆ ಮಾತ್ರ ತಿಳಿಸಿ. ಮತ್ತೆ ಸ್ಕ್ಯಾನ್ ಬೇಡ ಎಂಬ ಆ ಮಾತು ನಮ್ಮಲ್ಲಿ ಯಾಕೆ ಇಷ್ಟು ಅಪರೂಪ? ಸುಮ್ನೆ ನೋಡಿಬಿಡೋಣ ಎಂದು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುವವರು ನನ್ನ ನೆಂಟರಲ್ಲೇ ಇದ್ದಾರೆ.

ಎಲ್ಲ ಸಿಸ್ಟ್‌ಗಳನ್ನೂ ಹಾಗೇ ಬಿಡಬಹುದು ಎಂದಲ್ಲ. ಸಾದಾ ಸಿಸ್ಟ್ ಪರದೆಯ ಮೇಲೆ ದುಂಡಗೆ, ಪೂರ್ತಿ ಕಪ್ಪಾಗಿ ಕಾಣುತ್ತದೆ. ಗೋಡೆ ತೆಳು, ನಯ. ಅದರ ಹಿಂದಿನ ಭಾಗ ಸುತ್ತಲಿಗಿಂತ ಬೆಳ್ಳಗೆ ಹೊಳೆಯುತ್ತದೆ. ಗೋಡೆ ದಪ್ಪವಾಗಿದ್ದರೆ, ಒಳಗೆ ಅಡ್ಡಗೋಡೆಗಳೋ ಗಟ್ಟಿ ಭಾಗವೋ ಇದ್ದರೆ, ರಕ್ತ ಹರಿಯುವುದು ಕಂಡರೆ ಕಾಂಟ್ರಾಸ್ಟ್ ಮದ್ದು ಕೊಟ್ಟು ಸಿಟಿ ಅಥವಾ ಎಂಆರ್‌ಐ ಮಾಡಬೇಕಾಗುತ್ತದೆ. ಅಮೆರಿಕದ ರೇಡಿಯಾಲಜಿಸ್ಟ್ ಮಾರ್ಟನ್ ಬೋಸ್ನಿಯಾಕ್ 1986ರಲ್ಲಿ ಹಾಕಿಕೊಟ್ಟ ವರ್ಗಗಳನ್ನೇ, 2019ರ ಪರಿಷ್ಕರಣೆಯೊಂದಿಗೆ, ಡಾಕ್ಟರುಗಳು ಇಂದಿಗೂ ಬಳಸುತ್ತಾರೆ. ಮೊದಲ ಎರಡು ವರ್ಗಕ್ಕೆ ಏನೂ ಬೇಡ. 2ಎಫ್ ಎಂದರೆ ಕೆಲವು ವರ್ಷ ಕಣ್ಣಿಡಬೇಕು. 3 ಮತ್ತು 4 ಬಂದರೆ ಕ್ಯಾನ್ಸರ್ ಇರಬಹುದು, ಯೂರಾಲಜಿಸ್ಟ್ ನೋಡಲೇಬೇಕು. ಎರಡೂ ಕಿಡ್ನಿಯಲ್ಲಿ ತುಂಬಾ ಸಿಸ್ಟ್ ಇದ್ದರೆ ಅದು ಬೇರೆಯೇ ಕತೆ. ಸಾಮಾನ್ಯವಾಗಿ ಕಾಣುವ ಪಾಲಿಸಿಸ್ಟಿಕ್ ಕಾಯಿಲೆ ತಂದೆ ಅಥವಾ ತಾಯಿಯಿಂದ ಬರುವಂಥದ್ದು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಅಂಥವರು ಬಿಪಿ ಮತ್ತು ಕ್ರಿಯೇಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ರಕ್ತಪರೀಕ್ಷೆ) ಬಗ್ಗೆ ಉದಾಸೀನ ಮಾಡಬಾರದು.

ಇಂಗ್ಲೆಂಡಿನಲ್ಲಿ ಪ್ರೋಬ್ ಹಿಡಿಯುವವರು ಹೆಚ್ಚಾಗಿ ತರಬೇತಿ ಪಡೆದ ಸೋನೋಗ್ರಾಫರುಗಳು, ಡಾಕ್ಟರುಗಳಲ್ಲ. ನಮ್ಮಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನಿನ ನಿಯಮಗಳಿಂದಾಗಿ ಡಾಕ್ಟರೇ ಸ್ಕ್ಯಾನ್ ಮಾಡಬೇಕು. ಅಂದರೆ ಸಿಸ್ಟನ್ನು ಕಣ್ಣಾರೆ ಕಂಡು, ಅದು ಸಾದಾ ಹೌದೋ ಅಲ್ಲವೋ ಎಂದು ನಿರ್ಧರಿಸಿದ ಡಾಕ್ಟರ್ ರೋಗಿಯಿಂದ ಒಂದು ಮಾರು ದೂರದಲ್ಲೇ ಇರುತ್ತಾರೆ. ಆ ಅನುಕೂಲ ಬರ್ಮಿಂಗ್‌ಹ್ಯಾಮ್‌ನಲ್ಲಿ ನಮಗಿಲ್ಲ. ಹೊರಗೆ ಜನ ಸಾಲುಗಟ್ಟಿ ಕಾಯುತ್ತಿರುತ್ತಾರೆ, ಒಪ್ಪುತ್ತೇನೆ. ಆದರೆ ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಳ್ಳುವಷ್ಟು ಹೊತ್ತಿನಲ್ಲಿ "ಇದು ಸಾದಾ ಸಿಸ್ಟ್, ಹೆದರಬೇಡಿ" ಎಂದಷ್ಟು ಹೇಳಲು ಸಾಧ್ಯ, ಅಲ್ವಾ?

ಅವರು ಹೇಳದಿದ್ದರೆ ಮಂಚದಿಂದ ಏಳುವ ಮೊದಲು ನೀವೇ ಕೇಳಿ. ಒಂದೇ ಇದೆಯಾ, ಎರಡೂ ಕಡೆ ಇದೆಯಾ? ಗೋಡೆ ತೆಳುವಾಗಿದೆಯಾ? ಇದಕ್ಕಾಗಿ ಮತ್ತೆ ಬರಬೇಕಾ? ಮಂಗಳೂರಿನಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಯಾವುದರಲ್ಲಿ ಕೇಳಿದರೂ ಉತ್ತರ ಕೊಡಬಲ್ಲ ಡಾಕ್ಟರುಗಳಿದ್ದಾರೆ.