ಮೊದಲು ಕಿವಿ ಕೇಳಿಸಬೇಕಲ್ವಾ?

ಆಸ್ಟ್ರೇಲಿಯಾದ ಮೂಲನಿವಾಸಿ ಹಿರಿಯರಿಗೆ ಮರೆವಿನ ಕಾಯಿಲೆ ತಡೆಯುವ ಪಾಠವನ್ನು ಆನ್‌ಲೈನ್‌ನಲ್ಲಿ ಕೊಟ್ಟರೆ ದೂರದ ಊರುಗಳಿಗೂ ತಲುಪುತ್ತದೆ ಎಂದು ಬರೆದಿದ್ದೀರಿ. ಈ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆಗೆ ದಾರಿಯಾಗುವ 14 ಅಪಾಯಗಳಲ್ಲಿ ಕಿವಿ ಕೇಳಿಸದಿರುವುದೂ ಒಂದು. ಆ ಮೂಲನಿವಾಸಿಗಳಲ್ಲಿ ಎಷ್ಟೋ ಜನರಿಗೆ ಚಿಕ್ಕಂದಿನ ಕಿವಿ ಸೋರುವ ಕಾಯಿಲೆಯಿಂದಲೇ ಕೇಳಿಸುವುದು ಕಡಿಮೆ. ಅಂಥವರ ಮುಂದೆ ಸುಮ್ನೆ ಇಂಗ್ಲಿಷ್ ವಿಡಿಯೊ ಹಾಕಿದರೆ ಏನು ತಲುಪಿದ ಹಾಗಾಯಿತು? ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದಲ್ಲಿ ನೆನಪಿನ ಶಕ್ತಿ ಅಳೆಯುವ ‘ಕಿಕಾ’ ಪರೀಕ್ಷೆಯನ್ನು ಅಲ್ಲಿನ ಜನರ ಜೊತೆ ಸೇರಿಯೇ ರೂಪಿಸಿದರು. ಪಾಠವೂ ಹಾಗೇ ಆಗಬೇಕು. ಅವರದೇ ಆರೋಗ್ಯ ಕೇಂದ್ರದಲ್ಲಿ, ಪರಿಚಯದ ಕಾರ್ಯಕರ್ತೆಯ ಜೊತೆ ಕೂತು, ನಾಲ್ಕು ಜನ ಮಾತಾಡಿಕೊಳ್ಳುತ್ತಾ ನೋಡುವ ಹಾಗಿರಲಿ. ಕಿವಿ, ಬಿಪಿ, ಶುಗರ್ ತಪಾಸಣೆಯೂ ಅದೇ ದಿನ ಅಲ್ಲೇ ಆಗಲಿ.