ಗಾಡಿ ನಮ್ಮದು, ಕೋಡ್ ಮಾತ್ರ ಅವರದ್ದು

ಈಗಷ್ಟೇ ಗೆಳೆಯನ ಜೊತೆ ಸರ್ವಿಸ್ ಸೆಂಟರ್‌ಗೆ ಹೋಗಿ ಬಂದೆ. ತಲೆ ಬಿಸಿಯಾಗಿದೆ. ಗಾಡಿ ವಿಷಯ ಬಂದರೆ ನಾನು ಹೇಗೆ ಅಂತ ನಿಮಗೆಲ್ಲ ಗೊತ್ತೇ ಇದೆ, ಹಾಗಾಗಿ ಸ್ವಲ್ಪ ಉದ್ದ ಆದರೂ ಓದಿ.

ಅವನ ಕಾರಿನ ಎಂಜಿನ್‌ಗೆ ಏನೂ ಆಗಿಲ್ಲ. ವೈಪರ್ ಕೆಳಗೆ ನೀರು ಹರಿದುಹೋಗುವ ತೂತಿಗೆ ಎಲೆ ಕಟ್ಟಿಕೊಂಡು, ಮಳೆ ನೀರೆಲ್ಲ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಒಳಗೆ ಇಳಿದಿದೆ. ಮುಚ್ಚಳ ಬಿಚ್ಚಿದರೆ ಕನೆಕ್ಟರ್ ತುಂಬ ಹಸಿರು ಕಿಲುಬು, ಬೋರ್ಡಿನ ಒಂದು ಮೂಲೆ ಸುಟ್ಟು ಕಪ್ಪಾಗಿದೆ. ಸರಿ, ಗುಜರಿಗೆ ಹೋದ ಅದೇ ಮಾಡೆಲ್ ಗಾಡಿಯಿಂದ ಅದೇ ಪಾರ್ಟ್ ನಂಬರಿನ ಇಸಿಯು ಮೆಕ್ಯಾನಿಕ್ ಅಣ್ಣ ತಂದು ಹಾಕಿದರು. ಸೆಲ್ಫ್ ಹೊಡೆದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಒಂದೆರಡು ಸೆಕೆಂಡಿಗೆ ಆಫ್. ಮತ್ತೆ ಹೊಡೆದರೆ ಮತ್ತೆ ಆಫ್. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ಲೈಟು ಮಿಣಮಿಣ ಅನ್ನುತ್ತಲೇ ಇರುತ್ತದೆ.

ಇಮೊಬಿಲೈಸರ್, ಅಂದರೆ ಗುರುತಿಲ್ಲದ ಕೀ ಹಾಕಿದರೆ ಎಂಜಿನ್ ಓಡಲು ಬಿಡದ ಎಲೆಕ್ಟ್ರಾನಿಕ್ ಬೀಗ, ಹಿಡಿದಿದೆ ಅಂತ ಆಗಲೇ ಗೊತ್ತಾಯಿತು. ಹೊಸದಾಗಿ ಹಾಕಿದ ಇಸಿಯುಗೆ ಈ ಗಾಡಿಯ ಕೀ ಪರಿಚಯ ಮಾಡಿಸಬೇಕು. ಅದಕ್ಕೆ ಗಾಡಿಯ ಸೆಕ್ಯೂರಿಟಿ ಕೋಡ್ ಬೇಕು. ಅದನ್ನು ಕೇಳೋಕೇ ಹೋಗಿದ್ದು. ಕಾಗದಪತ್ರ ತೋರಿಸಿದ, ಗುರುತಿನ ಚೀಟಿ ತೋರಿಸಿದ, ಎರಡೂ ಕೀ ಟೇಬಲ್ ಮೇಲೆ ಇಟ್ಟ.

"ಅದೆಲ್ಲ ಕೊಡೋಕೆ ಬರಲ್ಲ ಸರ್. ಸೆಕ್ಯೂರಿಟಿ ವಿಷಯ."

"ಗಾಡಿ ನಂದೇ ಅಲ್ವಾ?"

"ಹೌದು ಸರ್. ಆದ್ರೆ ಕೊಡೋಕೆ ಬರಲ್ಲ. ಹೊಸ ಇಸಿಯು, ಹೊಸ ಕೀ ಸೆಟ್ ಪೂರ್ತಿ ಹಾಕಿಸ್ಕೊಳ್ಳಿ."

ಕೌಂಟರಿನಲ್ಲಿದ್ದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಹೇಳಿಕೊಟ್ಟಿದ್ದನ್ನು ಅವನು ಹೇಳಿದ. ಹಾಗೆ ಹೇಳಿಕೊಟ್ಟವರ ಮೇಲೆ ಇದೆ ಸಿಟ್ಟು. ದುಡ್ಡು ಕೊಟ್ಟು ತಗೊಂಡ ಗಾಡಿ, ತೆರಿಗೆ ಕಟ್ಟಿದ ಗಾಡಿ, ಹೆಸರಿಗೆ ಆದ ಗಾಡಿ. ಅದರ ಬೀಗದ ಅಂಕಿ ಮಾತ್ರ ಯಜಮಾನನಿಗೆ ಹೇಳುವಂತಿಲ್ಲ!

ಗೊತ್ತಿಲ್ಲದವರಿಗೆ ಇದರ ಕೆಲಸ ಹೇಗೆ ಅಂತ ಹೇಳುತ್ತೇನೆ. ಕೀ ತಲೆಯ ಪ್ಲಾಸ್ಟಿಕ್ ಒಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಇಲ್ಲ. ಕೀ ಹಾಕುವ ಜಾಗದ ಸುತ್ತ ತಾಮ್ರದ ತಂತಿಯ ಒಂದು ಸುರುಳಿ ಇರುತ್ತದೆ, ಹೆಚ್ಚಾಗಿ 125 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಚಿಪ್‌ಗೆ ಕರೆಂಟ್ ಸಿಗುವುದೇ ಆ ಸುರುಳಿಯಿಂದ. ಅದಕ್ಕೇ ರಿಮೋಟಿನ ಸೆಲ್ ಸತ್ತುಹೋದರೂ ಇಂಥ ಕೀ ತಿರುಗಿಸಿದರೆ ಗಾಡಿ ಸ್ಟಾರ್ಟ್ ಆಗುತ್ತದೆ. ಚಿಪ್ ಉತ್ತರ ಸರಿ ಇದ್ದರೆ ಇಸಿಯು ಪೆಟ್ರೋಲ್ ಬಿಡುತ್ತದೆ, ಕಿಡಿ ಕೊಡುತ್ತದೆ. ಇಲ್ಲ ಅಂದರೆ ಇಲ್ಲ. ಈ ಗುರುತೆಲ್ಲ ಕೂತಿರುವುದು ಹಳೆಯ ಗಾಡಿಗಳಲ್ಲಿ ಇಸಿಯು ಬೋರ್ಡಿನ ಮೇಲಿನ ಎಂಟು ಕಾಲಿನ ಒಂದು ಸಣ್ಣ ಮೆಮೊರಿ ಚಿಪ್ಪಿನಲ್ಲಿ.

ಇಸಿಯು ಬದಲಿಸುವುದು ಇಷ್ಟು ತಲೆನೋವಿನ ಕೆಲಸ ಆಗಿರುವಾಗ, ಅದನ್ನೇ ಮೊದಲು ಕೆಟ್ಟಿದೆ ಅಂತ ಬರೆದು ಕೊಡುತ್ತಾರಲ್ಲ, ಅದು ನನಗೆ ಇನ್ನೂ ಹೊಟ್ಟೆ ಉರಿಸುತ್ತದೆ. ಅನೇಕ ಸಲ ತಪ್ಪು ಇಸಿಯುದಲ್ಲವೇ ಅಲ್ಲ. ಅರ್ಥಿಂಗ್ ವೈರ್ ತುಕ್ಕು ಹಿಡಿದಿರುತ್ತದೆ. ಇಸಿಯುಗೆ ಕರೆಂಟ್ ಕೊಡುವ ಮೇನ್ ರಿಲೇ ಹೋಗಿರುತ್ತದೆ. ಯಾವುದೋ ಒಂದು ಸೆನ್ಸರ್ ಒಳಗೇ ಶಾರ್ಟ್ ಆಗಿ, ಎಲ್ಲ ಸೆನ್ಸರ್‌ಗಳಿಗೂ ಹೋಗುವ 5 ವೋಲ್ಟ್ ಲೈನನ್ನೇ ಎಳೆದು ಕೂರಿಸಿರುತ್ತದೆ. ಆಗ ಸ್ಕ್ಯಾನರಿನಲ್ಲಿ ಸಾಲು ಸಾಲು ಎರರ್. ಮಲ್ಟಿಮೀಟರ್ ಹಿಡಿದು ಇಸಿಯುಗೆ ಬರುವ ಕರೆಂಟು, ಅರ್ಥಿಂಗ್ ನೋಡಿ, ಒಂದೊಂದೇ ಸೆನ್ಸರ್ ಕಳಚಿ 5 ವೋಲ್ಟ್ ವಾಪಸ್ ಬಂತಾ ಅಂತ ನೋಡುವ ತಾಳ್ಮೆ ಇಲ್ಲದೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಇಸಿಯು ತಗೊಂಡು ಬನ್ನಿ ಅಂದುಬಿಡುತ್ತಾರೆ. ಹೊಸದು ಹಾಕಿದ ಮೇಲೂ ಅದೇ ತೊಂದರೆ ಇದ್ದರೆ? ಆಗ ಗಾಡಿಯವನ ಕೈಯಲ್ಲಿ ವಾಪಸ್ ಕೊಡಲಾಗದ ಒಂದು ಇಸಿಯು. ಯಾಕಂದರೆ ಒಮ್ಮೆ ಒಂದು ಗಾಡಿಯ ಗುರುತು ಕಲಿತರೆ, ಬಹಳಷ್ಟು ಇಸಿಯು ಸುಲಭವಾಗಿ ಬೇರೆ ಗಾಡಿಗೆ ಒಗ್ಗುವುದಿಲ್ಲ.

ಈಗ ಕೆಲವರು ಕಾಮೆಂಟಿಗೆ ಬರುತ್ತೀರಿ, ಗೊತ್ತು. ಕಳ್ಳರ ಕಥೆ ಏನು ಅಂತ. ಇಮೊಬಿಲೈಸರ್ ಒಳ್ಳೆಯದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಯುರೋಪಿನ ಒಕ್ಕೂಟದಲ್ಲಿ 1998ರಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ. ಅಮೆರಿಕದಲ್ಲಿ ಇಮೊಬಿಲೈಸರ್ ಇಲ್ಲದೆ ಮಾರಿದ ಕಿಯಾ, ಹ್ಯುಂಡೈ ಕಾರುಗಳನ್ನು ಹುಡುಗರು ಯುಎಸ್‌ಬಿ ಕೇಬಲಿನ ತುದಿಯಿಂದ ತಿರುಗಿಸಿ ಓಡಿಸಿಕೊಂಡು ಹೋದರು, 2021ರ ಆಸುಪಾಸಿನಲ್ಲಿ ಆ ವಿಡಿಯೋಗಳು ಎಲ್ಲ ಕಡೆ ಓಡಾಡಿದವು. ಬೀಗ ಬೇಕೇ ಬೇಕು. ನಾನು ಕೇಳುತ್ತಿರುವುದು ಬೀಗ ತೆಗೆಯಿರಿ ಅಂತ ಅಲ್ಲ. ಯಜಮಾನನಿಗೆ ಅವನ ಬೀಗದ ಅಂಕಿ ಕೊಡಿ ಅಂತ.

ಯಜಮಾನನಿಂದ ಮುಚ್ಚಿಟ್ಟರೆ ಕಳ್ಳನಿಂದ ಉಳಿಯುತ್ತದೆ ಅನ್ನುವುದೂ ಸುಳ್ಳು. 2005ರಲ್ಲೇ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಒಂದು ಬಗೆಯ ಕೀ ಚಿಪ್ಪಿನ 40 ಬಿಟ್ಟಿನ ಗುಪ್ತ ಸಂಕೇತವನ್ನು ಬಿಡಿಸಿ ತೋರಿಸಿದ್ದರು. 2012ರಲ್ಲಿ ಹೈಟ್ಯಾಗ್2 ಅನ್ನುವ ಚಿಪ್ಪಿನದೂ ಅದೇ ಕಥೆ. ಮೆಗಾಮೋಸ್ ಅನ್ನುವ ಚಿಪ್ಪಿನ ದೋಷ ಕಂಡುಹಿಡಿದವರ ಪ್ರಬಂಧವನ್ನು 2013ರಲ್ಲಿ ಫೋಕ್ಸ್‌ವ್ಯಾಗನ್ ಇಂಗ್ಲೆಂಡಿನ ಕೋರ್ಟಿಗೆ ಹೋಗಿ ತಡೆಯಿತು, ಅದು ಬೆಳಕಿಗೆ ಬಂದಿದ್ದು 2015ರಲ್ಲಿ. ಕಳ್ಳನಿಗೆ ಇಂಥ ಗುಟ್ಟು ಬಿಡಿಸುವ ಯಂತ್ರ ಸಿಗುತ್ತದೆ. ಅದೂ ಬೇಡ ಅಂದರೆ ಟೋಯಿಂಗ್ ಗಾಡಿ ತಂದು ಎತ್ತಿಕೊಂಡು ಹೋಗುತ್ತಾನೆ. ಕೌಂಟರ್ ಮುಂದೆ ಕಾಗದಪತ್ರ ಹಿಡಿದು ನಿಲ್ಲುವವನು ಕಳ್ಳ ಅಲ್ಲ ರೀ.

ಇದರಿಂದ ಆಗುತ್ತಿರುವುದು ಏನು ಗೊತ್ತಾ? ಕೋಡ್ ಸಿಗದೆ ಸೋತವರು ಇಸಿಯು ಸಾಫ್ಟ್‌ವೇರಿನಲ್ಲಿ ಇಮೊಬಿಲೈಸರನ್ನೇ ಆಫ್ ಮಾಡಿಸಿಬಿಡುತ್ತಾರೆ. ಆಮೇಲೆ ಚಿಪ್ ಇಲ್ಲದ ನಕಲಿ ಕೀ ಹಾಕಿ ತಿರುಗಿಸಿದರೂ ಗಾಡಿ ಸ್ಟಾರ್ಟ್. ಸೆಕ್ಯೂರಿಟಿ ಹೆಸರಲ್ಲಿ ಕೋಡ್ ಮುಚ್ಚಿಟ್ಟು, ಬೀಗವೇ ಇಲ್ಲದ ಗಾಡಿಗಳನ್ನು ರಸ್ತೆಗೆ ಬಿಟ್ಟ ಹಾಗಾಯಿತು. ಇದನ್ನು ನೋಡಿದರೆ ನಿಜವಾಗಲೂ ಬೇಜಾರಾಗುತ್ತದೆ ನನಗೆ.

ಕೊಡೋಕೆ ಆಗಲ್ಲ ಅನ್ನುವ ಮಾತೂ ನಿಲ್ಲಲ್ಲ. 1990ರ ದಶಕದ ಫಿಯಟ್ ಕಾರುಗಳ ಜೊತೆ ಒಂದು ಕೋಡ್ ಕಾರ್ಡ್ ಕೊಡುತ್ತಿದ್ದರು. ಚಿಪ್ ಕೈಕೊಟ್ಟರೆ, ಲೈಟು ಮಿಂಚುವುದನ್ನು ಎಣಿಸಿ ಆಕ್ಸಿಲರೇಟರ್ ತುಳಿದು ಆ ಐದು ಅಂಕಿ ಹಾಕಿ ಗಾಡಿ ಸ್ಟಾರ್ಟ್ ಮಾಡಬಹುದಿತ್ತು! ಓಪೆಲ್‌ನವರ ಕಾರ್ ಪಾಸ್ ಕಾರ್ಡಿನಲ್ಲೂ ಸೆಕ್ಯೂರಿಟಿ ಕೋಡ್ ಬರೆದಿರುತ್ತಿತ್ತು. ಅಮೆರಿಕದಲ್ಲಿ ಇವತ್ತಿಗೂ ಹಿನ್ನೆಲೆ ತಪಾಸಣೆ ಆಗಿ ನೋಂದಣಿಯಾದ ಕೀ ಕೆಲಸದವರು, ಯಜಮಾನ ಯಾರು ಅಂತ ಖಾತ್ರಿ ಮಾಡಿಕೊಂಡು ಕಂಪನಿಗಳಿಂದ ಕೋಡ್ ತರಿಸಿಕೊಳ್ಳುವ ವ್ಯವಸ್ಥೆ ಇದೆ. ಮನಸ್ಸಿದ್ದರೆ ಆಗುತ್ತದೆ.

ಗೆಳೆಯನ ಗಾಡಿ ಏನಾಯಿತು ಅಂದರೆ, ಮೆಕ್ಯಾನಿಕ್ ಅಣ್ಣ ಸುಟ್ಟ ಬೋರ್ಡಿನಿಂದ ಆ ಎಂಟು ಕಾಲಿನ ಚಿಪ್ ಬಿಡಿಸಿ, ಅದರಲ್ಲಿದ್ದುದನ್ನು ಓದಿ, ಗುಜರಿ ಇಸಿಯುಗೆ ಬರೆದು ಕೊಡುತ್ತೇನೆ ಅಂದಿದ್ದಾರೆ. ಪುಣ್ಯಕ್ಕೆ ಸುಟ್ಟಿರುವುದು ಇನ್ನೊಂದು ಮೂಲೆ. ಆ ಚಿಪ್ಪೂ ಸುಟ್ಟಿದ್ದರೆ, ಇಸಿಯು, ಇಮೊಬಿಲೈಸರ್, ಕೀ ಮೂರನ್ನೂ ಒಂದೇ ಗುಜರಿ ಗಾಡಿಯಿಂದ ಸೆಟ್ಟಾಗಿ ತಂದು ಹಾಕಬೇಕಿತ್ತು.

ಇವತ್ತೇ ನಿಮ್ಮ ಗಾಡಿಯ ಕಾಗದಗಳ ಫೈಲ್ ತೆಗೆದು ನೋಡಿ. ಕೋಡ್ ಇರುವ ಕಾರ್ಡೋ, ಕೀ ಜೊತೆ ಬಂದ ಸಣ್ಣ ತಗಡಿನ ಬಿಲ್ಲೆಯೋ ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ, ಅದನ್ನು ಗಾಡಿಯೊಳಗೆ ಇಡಲೇಬೇಡಿ. ಒಂದೇ ಕೀ ಇದ್ದರೆ, ಅದು ಕೆಲಸ ಮಾಡುತ್ತಿರುವಾಗಲೇ ಎರಡನೆಯದು ಮಾಡಿಸಿ. ಮಾಡಿಸುವಾಗ ಇರುವ ಕೀಗಳನ್ನೆಲ್ಲ ತಗೊಂಡು ಹೋಗಿ. ಎಷ್ಟೋ ಗಾಡಿಗಳಲ್ಲಿ ಹೊಸ ಕೀ ಕಲಿಸುವ ಹೊತ್ತಿಗೆ ಅಲ್ಲಿ ಇಲ್ಲದ ಕೀ ಮೆಮೊರಿಯಿಂದ ಅಳಿಸಿಹೋಗುತ್ತದೆ.